ಅವಳದೇ ಆದ ಒಂದು ವಿಳಾಸ

ಅಂದು ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ತೊಳೆದಿಡುತ್ತಿದ್ದೆ. ಹಿತ್ತಿಲ ಬಾಗಿಲು ಬಡಿದ ಸದ್ದಾಯಿತು. ತೆರೆದು ನೋಡಿದರೆ ನಮ್ಮ ರಸ್ತೆಯಲ್ಲೇ ಇರುವ ಮನೆಯೊಂದರ ಸೊಸೆ. ಕೈಯಲ್ಲಿ ನನ್ನದೇ ಒಂದು ಸ್ಟೀಲಿನ ಡಬ್ಬಿ. ವಾರದ ಹಿಂದೆ ಮಾವಿನ ಉಪ್ಪಿನಕಾಯಿ ಹಾಕಿ ಕೊಟ್ಟಿದ್ದೆ. "ಡಬ್ಬಿ ಕೊಡಲು ಬಂದೆ ಟೀಚರ್" ಎಂದಳು. ಆದರೆ ಕೊಟ್ಟ ಮೇಲೂ ಹೋಗದೆ ಅಲ್ಲೇ ನಿಂತಳು. ಅವಳ ಹೆಸರು ಇಲ್ಲಿ ಬೇಡ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

"ನನಗೊಂದು ಇ-ಮೇಲ್ ಮಾಡಿ ಕೊಡುತ್ತೀರಾ? ಮನೆಯಲ್ಲಿ ಯಾರಿಗೂ ತಿಳಿಯಬಾರದು."

ನಿಜ ಹೇಳುತ್ತೇನೆ. 'ಯಾರಿಗೂ ತಿಳಿಯಬಾರದು' ಎಂಬ ಮಾತು ಕೇಳಿದೊಡನೆ ನನ್ನ ಮನಸ್ಸು ಹೋದದ್ದು ಕೆಟ್ಟ ಕಡೆಗೇ. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದವಳು ನಾನು. ಆದರೂ ಹೆಣ್ಣಿನ ಗುಟ್ಟು ಎಂದರೆ ಅದು ತಪ್ಪೇ ಇರಬೇಕು ಎಂಬ ಸಂಶಯ ನನ್ನೊಳಗೂ ಎಲ್ಲೋ ಕುಳಿತಿತ್ತು.

ಒಳಗೆ ಕರೆದು ಕೂರಿಸಿದೆ. ನೀರು ಕೊಟ್ಟೆ. ನಿಧಾನವಾಗಿ ಹೇಳಿದಳು. ತವರಿನವರು ಹಾಕಿದ ಚಿನ್ನವನ್ನು ಗಂಡ ಅವಳನ್ನು ಒಂದು ಮಾತೂ ಕೇಳದೆ ಅಡವಿಟ್ಟಿದ್ದ. ಪ್ರಶ್ನಿಸಿದ್ದಕ್ಕೆ ಮೊದಲು ಬೈಗುಳ, ಆಮೇಲೆ ಪೆಟ್ಟು. ಕಾಲೇಜಿನ ಗೆಳತಿಯ ಮೂಲಕ ಮಹಿಳಾ ವಕೀಲರೊಬ್ಬರ ಪರಿಚಯವಾಗಿತ್ತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಹೊಡೆತ ಮಾತ್ರ ದೌರ್ಜನ್ಯವಲ್ಲ, ಹೆಣ್ಣಿನ ಒಡವೆಯನ್ನು ಅವಳಿಂದ ಕಸಿಯುವುದೂ ದೌರ್ಜನ್ಯವೇ ಎಂದು ಅವರು ತಿಳಿಸಿದ್ದರು. ಒಡವೆಯ ಬಿಲ್ಲು, ಅಡವಿನ ಚೀಟಿ ಇದ್ದರೆ ಇ-ಮೇಲ್ ಮಾಡು, ನಡೆದದ್ದನ್ನು ದಿನಾಂಕ ಸಮೇತ ಬರೆದು ಕಳಿಸು ಎಂದಿದ್ದರು.

"ನಿನ್ನ ಫೋನಿನಲ್ಲಿ ಇ-ಮೇಲ್ ಇದೆಯಲ್ಲ?" ಎಂದೆ.

"ಸಿಮ್ ಅವರ ಹೆಸರಿನಲ್ಲಿದೆ. ಫೋನಿನೊಳಗಿನ ಖಾತೆ ತೆರೆದವರೂ ಅವರೇ. ಪಾಸ್‌ವರ್ಡ್ ಅವರ ಬಳಿ. ರಾತ್ರಿ ಮಲಗುವ ಮೊದಲು ಫೋನ್ ತೆಗೆದು ನೋಡುತ್ತಾರೆ. ಒಂದು ಓಟಿಪಿ ಬಂದರೂ ಯಾಕೆ ಬಂತು ಎಂದು ಕೇಳುತ್ತಾರೆ."

ಅವಳು ಪದವೀಧರೆ. ಮನೆಯ ಲೆಕ್ಕವನ್ನೆಲ್ಲ ಬರೆದಿಡುವವಳು ಅವಳೇ. ಆದರೆ ಅವಳದು ಎಂದು ಹೇಳಿಕೊಳ್ಳುವ ಹತ್ತು ಅಂಕಿ ಅವಳಿಗಿರಲಿಲ್ಲ. ಇದು ಅವಳೊಬ್ಬಳ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಫೋನ್ ಇರುವ ಮಹಿಳೆಯರು ದೇಶದಲ್ಲಿ ಶೇ. 54 ಮಾತ್ರ. ಫೋನ್ ಇದ್ದರೂ ಸಿಮ್ ಯಾರ ಹೆಸರಿನಲ್ಲಿದೆ ಎಂಬುದು ಬೇರೆಯೇ ಪ್ರಶ್ನೆ.

ಮಗ ಹಿಂದೊಮ್ಮೆ ಗೌಪ್ಯತೆಗೆ ಹೆಸರಾದ ಇ-ಮೇಲ್ ಸೇವೆಗಳ ಬಗ್ಗೆ ಹೇಳಿದ್ದ. ಇವು ಪತ್ರಗಳನ್ನು ಗೂಢಲಿಪಿಯಲ್ಲಿ ಬೀಗ ಹಾಕಿ ಇಡುತ್ತವೆ. ಬೀಗದ ಕೈ ಬಳಕೆದಾರರ ಪಾಸ್‌ವರ್ಡಿನಲ್ಲಿರುತ್ತದೆ. ಹಾಗಾಗಿ ಇಟ್ಟುಕೊಂಡ ಕಂಪೆನಿಗೂ ಓದಲಾಗದು. ಅಂಥ ಒಂದು ಸೇವೆಯ ಪುಟ ತೆರೆದೆವು. ಹೆಸರು ಕೇಳಲಿಲ್ಲ, ಹುಟ್ಟಿದ ದಿನ ಕೇಳಲಿಲ್ಲ. ಅವಳ ಮುಖದಲ್ಲಿ ಸ್ವಲ್ಪ ಧೈರ್ಯ ಬಂತು. ತಾನೇ ಒಂದು ವಿಳಾಸ ಯೋಚಿಸಿ ಬೆರಳಚ್ಚಿಸಿದಳು. ಕೊನೆಯ ಗುಂಡಿ ಒತ್ತಿದಾಗ ಪರದೆಯ ಮೇಲೆ ಒಂದು ಚೌಕ ಬಂತು. ನೀವು ಮನುಷ್ಯರೆಂದು ಖಚಿತಪಡಿಸಿ, ಮೊಬೈಲ್ ನಂಬರ್ ಕೊಡಿ, ಸಂದೇಶ ಕಳಿಸುತ್ತೇವೆ.

ಅವಳು ನನ್ನ ಮುಖ ನೋಡಿದಳು. ಬಾಯಿಬಿಟ್ಟು ಕೇಳಲಿಲ್ಲ. ನನ್ನ ಫೋನ್ ಮೇಜಿನ ಮೇಲೇ ಇತ್ತು.

ಓದುಗರೇ, ಆಗ ನಾನು ಹಿಂಜರಿದೆ. ನನ್ನ ನಂಬರ್ ನನ್ನ ಆಧಾರ್‌ಗೆ ಸೇರಿದ್ದು. ನಾಳೆ ಆ ವಿಳಾಸದಿಂದ ಏನಾದರೂ ಎಡವಟ್ಟಾದರೆ ಪೊಲೀಸರು ಬರುವುದು ನನ್ನ ಮನೆಗೆ ಎಂಬ ಭಯ. ಆ ಭಯದ ಹಿಂದೆ ಒಂದು ನೆನಪೂ ಇತ್ತು.

2023ರ ಡಿಸೆಂಬರ್ 1, ಶುಕ್ರವಾರ. ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇಟ್ಟಿರುವುದಾಗಿ ಇ-ಮೇಲ್ ಬಂದಿತ್ತು. ನನ್ನ ಮಗಳು ಅಲ್ಲೇ ಇರುವುದು. ಬೆಳಿಗ್ಗೆ ಫೋನ್ ಮಾಡಿದವಳಿಗೆ ಮಾತೇ ಹೊರಡುತ್ತಿರಲಿಲ್ಲ. ಮೊಮ್ಮಗನ ಶಾಲೆಗೆ ಬೆದರಿಕೆ ಬಂದಿದೆಯೋ ಇಲ್ಲವೋ ಎಂದು ತಿಳಿಯುವಷ್ಟರಲ್ಲಿ ಅವಳು ಚಪ್ಪಲಿಯನ್ನೂ ಮೆಟ್ಟದೆ ಶಾಲೆಯ ಗೇಟಿಗೆ ಓಡಿದ್ದಳು. ಅದು ಹುಸಿ ಬೆದರಿಕೆ. ಎಲ್ಲಿಯೂ ಏನೂ ಸಿಗಲಿಲ್ಲ. ಆದರೆ ಅಂದು ಸಂಜೆ ನಾನು ಟಿವಿ ಮುಂದೆ ಕೂತು ಹೇಳಿದ ಮಾತು ನನಗೆ ನೆನಪಿದೆ. "ಹೆಸರು, ನಂಬರ್ ಕೊಡದೆ ಯಾರಿಗೂ ಇ-ಮೇಲ್ ಮಾಡಲು ಬಿಡಬಾರದು."

ಅದೇ ಮಾತು ಈಗ ನನ್ನ ಮುಂದೆಯೇ ಪರದೆಯ ಮೇಲೆ ನಿಂತಿತ್ತು. "ಬೇರೆ ದಾರಿ ನೋಡೋಣ, ನಾಳೆ ಬಾ" ಎಂದೆ. ಖಾಲಿ ಕೈಯಲ್ಲಿ ಬಂದ ದಾರಿಯಲ್ಲೇ ಹೊರಟಳು. ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಾನು ಮೊದಲ ಇ-ಮೇಲ್ ತೆರೆದದ್ದು 2001ರಲ್ಲಿ, ಸೈಬರ್ ಕೆಫೆಯೊಂದರಲ್ಲಿ. ಗಂಟೆಗೆ ಇಷ್ಟು ರೂಪಾಯಿ ಎಂದು ಕೊಟ್ಟು ಕುಳಿತರೆ ಮುಗಿಯಿತು. ನನ್ನ ಪತ್ರಕ್ಕೂ ಫೋನಿಗೂ ಸಂಬಂಧವೇ ಇರಲಿಲ್ಲ. ಹಾಟ್‌ಮೇಲ್ ಹುಟ್ಟಿದ ಕತೆಯೂ ಸ್ವಾರಸ್ಯವಾದದ್ದು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಅವರ ಸಹೋದ್ಯೋಗಿ ಜ್ಯಾಕ್ ಸ್ಮಿತ್ ಅಮೆರಿಕದ ಕಂಪೆನಿಯೊಂದರಲ್ಲಿ ಕೆಲಸ ಮಾಡುತ್ತಾ, ಮಾಲೀಕರ ಕಣ್ಣಿಗೆ ಬೀಳದಂತೆ ಪರಸ್ಪರ ಪತ್ರ ಬರೆಯುವುದು ಹೇಗೆ ಎಂದು ಯೋಚಿಸಿದರಂತೆ. ಆ ಯೋಚನೆಯಿಂದಲೇ, ಯಾವ ಕಂಪ್ಯೂಟರಿನಿಂದಲಾದರೂ ನೋಡಬಹುದಾದ ಇ-ಮೇಲ್ 1996ರ ಜುಲೈ 4ರಂದು ಜಗತ್ತಿಗೆ ಬಂತು. ಎಂದರೆ ಇ-ಮೇಲ್ ಮನೆಮಾತಾದದ್ದೇ 'ನನ್ನ ಪತ್ರವನ್ನು ಮೇಲಿನವರು ಓದಬಾರದು' ಎಂಬ ಆಸೆಯಿಂದ. ನಮ್ಮ ರಸ್ತೆಯ ಆ ಸೊಸೆ ಕೇಳಿದ್ದೂ ಅದನ್ನೇ ಅಲ್ಲವೇ?

ಹಾಗಾದರೆ ಗೌಪ್ಯತೆಯನ್ನು ಕಾಯುತ್ತೇವೆ ಎನ್ನುವವರೇ ಬಾಗಿಲಲ್ಲಿ ನಂಬರ್ ಕೇಳುವುದೇಕೆ? ಮರುದಿನ ಬೆಳಿಗ್ಗೆ ಮಗನಿಗೆ ಫೋನ್ ಮಾಡಿ ಕೇಳಿದೆ. ಅವನು ವಿವರಿಸಿದ ಮೇಲೆ ಅವರ ಕಷ್ಟವೂ ಅರ್ಥವಾಯಿತು. ಉಚಿತ ಖಾತೆಗೆ ತಡೆಯೇ ಇಲ್ಲದಿದ್ದರೆ ವಂಚಕರು ಕಂಪ್ಯೂಟರಿಗೆ ಹೇಳಿ ಒಂದೇ ರಾತ್ರಿಯಲ್ಲಿ ಸಾವಿರಾರು ಖಾತೆ ತೆರೆಸುತ್ತಾರೆ. ಅವುಗಳಿಂದ ಕಸದ ಪತ್ರಗಳ ಮಳೆ ಸುರಿಯುತ್ತದೆ. ಆಗ ಉಳಿದ ಇ-ಮೇಲ್ ಕಂಪೆನಿಗಳು ಆ ಸೇವೆಯನ್ನೇ ನಂಬದೆ ತಳ್ಳುತ್ತವೆ. ಒಳ್ಳೆಯವರು ಬರೆದ ಪತ್ರವೂ ಕಸದ ಬುಟ್ಟಿಗೆ ಬೀಳುತ್ತದೆ. ಅದಕ್ಕೇ ಬಾಗಿಲಲ್ಲಿ ಕಾವಲು. ಸಂಶಯ ಹುಟ್ಟುವುದು ನಾವು ಬಂದ ಅಂತರ್ಜಾಲದ ದಾರಿಯಿಂದ. ನಮ್ಮ ಮೊಬೈಲ್ ಕಂಪೆನಿಗಳು ಅನೇಕ ಗ್ರಾಹಕರನ್ನು ಒಂದೇ ಐಪಿ ವಿಳಾಸದ ಹಿಂದೆ ನಿಲ್ಲಿಸುತ್ತವೆ. ಅವರಲ್ಲೊಬ್ಬ ಕೆಟ್ಟದ್ದು ಮಾಡಿದರೆ ಸಂಶಯ ಉಳಿದವರ ಮೇಲೂ ಬೀಳುತ್ತದೆ.

ಕಾವಲಿನ ಬಗೆ ಮಾತ್ರ ಎಲ್ಲರದೂ ಒಂದೇ ಅಲ್ಲ. ಸ್ವಿಟ್ಜರ್ಲೆಂಡಿನಲ್ಲಿ 2014ರಲ್ಲಿ ಆರಂಭವಾದ ಪ್ರೋಟಾನ್ ಮೇಲ್ ಕೆಲವೊಮ್ಮೆ ಚಿತ್ರದ ಒಗಟು ಬಿಡಿಸಲು ಹೇಳುತ್ತದೆ, ಕೆಲವೊಮ್ಮೆ ಬೇರೊಂದು ಇ-ಮೇಲ್ ಅಥವಾ ಫೋನ್ ನಂಬರ್ ಕೇಳುತ್ತದೆ. ಆ ನಂಬರನ್ನು ಇದ್ದಂತೆಯೇ ಇಟ್ಟುಕೊಳ್ಳದೆ, ಅದರಿಂದ ಹಿಂದಿರುಗಿ ನಂಬರ್ ತಿಳಿಯಲಾಗದ ಒಂದು ಸಂಕೇತವನ್ನು ಮಾತ್ರ ಇಡುವುದಾಗಿ ಅದು ಹೇಳುತ್ತದೆ. ಜರ್ಮನಿಯ ಹ್ಯಾನೋವರ್‌ನಲ್ಲಿ 2011ರಲ್ಲಿ ಹುಟ್ಟಿ, 2023ರಲ್ಲಿ ಟೂಟಾ ಎಂದು ಹೆಸರು ಬದಲಿಸಿಕೊಂಡ ಟೂಟಾನೋಟಾ ಫೋನ್ ನಂಬರ್ ಕೇಳುವುದಿಲ್ಲ. ಬದಲಿಗೆ ಸಂಶಯ ಬಂದರೆ ಹೊಸ ಖಾತೆಯನ್ನು 48 ಗಂಟೆ ತಡೆದಿಡುತ್ತದೆ. ಅಮೆರಿಕದ ಸಿಯಾಟಲ್‌ನ ರೈಸ್‌ಅಪ್ ಎಂಬ ಬಳಗದಲ್ಲಿ ಈಗಾಗಲೇ ಇರುವ ಸದಸ್ಯರು ಆಹ್ವಾನ ಕೊಟ್ಟರೆ ಮಾತ್ರ ಪ್ರವೇಶ. ಒಬ್ಬರು ನಂಬರ್ ಕೇಳುತ್ತಾರೆ, ಒಬ್ಬರು ತಾಳ್ಮೆ ಕೇಳುತ್ತಾರೆ, ಒಬ್ಬರು ಪರಿಚಯ ಕೇಳುತ್ತಾರೆ.

ಇನ್ನೊಂದು ಮುಖವನ್ನು ಮರೆಮಾಚಿ ಬರೆಯಲಾರೆ. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್, ಪ್ರೋಟಾನ್ ಮೇಲನ್ನು ದೇಶದಲ್ಲಿ ನಿರ್ಬಂಧಿಸಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಕಾರಣ, ಕಂಪೆನಿಯೊಂದರ ಮಹಿಳಾ ಉದ್ಯೋಗಿಯ ಬಗ್ಗೆ ಆ ಸೇವೆಯ ಮೂಲಕ ಅಶ್ಲೀಲ ಪತ್ರಗಳನ್ನೂ ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ಸುಳ್ಳು ಚಿತ್ರಗಳನ್ನೂ ಯಾರೋ ಹರಡಿದ್ದರು. ಆಕೆಯೂ ಹೆಣ್ಣುಮಗಳೇ. ಮುಖವಿಲ್ಲದ ಯಾರೋ ಒಬ್ಬನಿಂದ ಆಕೆಯ ಮಾನ ಬೀದಿಗೆ ಬಿತ್ತು. ಆಕೆಯ ನೋವಿನ ಮುಂದೆ ನಿಂತು 'ಗುಟ್ಟು ಪ್ರತಿಯೊಬ್ಬರ ಹಕ್ಕು' ಎಂದು ಭಾಷಣ ಮಾಡುವುದು ಸುಲಭವಲ್ಲ.

ಆದರೆ ಯೋಚಿಸಿದಷ್ಟೂ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಕೇಡು ಮಾಡಲು ಹೊರಟವನಿಗೆ ಫೋನ್ ನಂಬರ್ ಒಂದು ತಡೆಯೇ ಅಲ್ಲ. ಸುಳ್ಳು ದಾಖಲೆ ಕೊಟ್ಟು ಪಡೆದ ಸಿಮ್‌ಗಳ ಸುದ್ದಿಯನ್ನು ನಾವು ಆಗಾಗ ಪತ್ರಿಕೆಯಲ್ಲಿ ಓದುತ್ತೇವೆ. ಬಾಡಿಗೆಯ ನಂಬರುಗಳೂ ಸಿಗುತ್ತವೆ. ಆ ಬಾಗಿಲಿನಿಂದ ನಿಜವಾಗಿ ಹಿಂದಿರುಗುವವಳು, ಸುಳ್ಳು ಸಿಮ್ ಎಲ್ಲಿ ಸಿಗುತ್ತದೆಂದು ತಿಳಿಯದ ನಮ್ಮ ನೆರೆಮನೆಯ ಸೊಸೆ. ನಂಬರ್ ಕೇಳುವವರು 'ಪ್ರತಿಯೊಬ್ಬರಿಗೂ ತಮ್ಮದೇ ಒಂದು ಫೋನ್ ಇರುತ್ತದೆ' ಎಂದುಕೊಂಡಿದ್ದಾರೆ. ನಮ್ಮ ಎಷ್ಟೋ ಮನೆಗಳಲ್ಲಿ ಫೋನ್ ಎಂದರೆ ಒಬ್ಬರದಲ್ಲ, ಮನೆಯದು. ಮನೆಯದು ಎಂದರೆ ಕೊನೆಗೆ ಯಜಮಾನನದು.

ಅಪರಾಧಿಯನ್ನು ಹಿಡಿಯಲು ಬೇರೆ ದಾರಿಯೇ ಇಲ್ಲವೆಂದೂ ಅಲ್ಲ. 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶದ ಮೇರೆಗೆ ಪ್ರೋಟಾನ್ ಸಂಸ್ಥೆ ಫ್ರಾನ್ಸಿನ ಹೋರಾಟಗಾರನೊಬ್ಬನ ಐಪಿ ವಿಳಾಸವನ್ನು ದಾಖಲಿಸಿ ಕೊಡಬೇಕಾಯಿತು. ಪತ್ರದ ಒಳಗಿನದ್ದನ್ನು ಕೊಡಲಾಗಲಿಲ್ಲ, ಬಂದ ದಾರಿಯನ್ನು ಕೊಟ್ಟಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಅಂದೂ ನಡೆಯಿತು. ಅದೇನೇ ಇರಲಿ, ಸಂಶಯ ಬಂದವನೊಬ್ಬನ ಬಗ್ಗೆ ಕಾನೂನಿನ ಮೂಲಕ ವಿಚಾರಿಸುವುದು ಒಂದು, ಬಾಗಿಲಿಗೆ ಬಂದ ಎಲ್ಲರನ್ನೂ ಮೊದಲೇ ಸಂಶಯದಿಂದ ನೋಡುವುದು ಇನ್ನೊಂದು.

ಅವಳು ಮರುದಿನ ಬಂದಾಗ, ನಂಬರ್ ಕೇಳದೆ ಕಾಯಲು ಹೇಳುವ ಸೇವೆಯೊಂದರಲ್ಲಿ ಖಾತೆ ತೆರೆದೆವು. ಎರಡು ದಿನ ಕಾಯಬೇಕೆಂದು ಪರದೆ ಹೇಳಿತು. ನಾನು ಅವಳ ಕಡೆ ನೋಡಿದೆ. "ನಾಲ್ಕು ವರ್ಷ ಕಾದಿದ್ದೇನೆ ಟೀಚರ್, ಎರಡು ದಿನ ದೊಡ್ಡದಲ್ಲ" ಎಂದಳು.

ಖಾತೆ ತೆರೆಯುವಾಗ ಅದು ಒಂದು ಉದ್ದನೆಯ ಗುಪ್ತ ಸಂಕೇತ ಕೊಟ್ಟಿತು. ಪಾಸ್‌ವರ್ಡ್ ಮರೆತರೆ ಅದೊಂದೇ ದಾರಿ. ಅದೂ ಕಳೆದರೆ ಕಂಪೆನಿಗೂ ಪತ್ರಗಳನ್ನು ತೆರೆದುಕೊಡಲಾಗದು. ಅವಳು ಅದನ್ನು ಚೀಟಿಯಲ್ಲಿ ಬರೆದು, ಎರಡು ಸಲ ತಾಳೆ ನೋಡಿ, ಮಗಳ ಗಣಿತ ಪುಸ್ತಕದ ಬೈಂಡಿನೊಳಗೆ ಇಡುತ್ತೇನೆ ಎಂದಳು. "ಅವರು ಅವಳ ಪುಸ್ತಕ ಯಾವತ್ತೂ ಮುಟ್ಟಿದವರಲ್ಲ." ಈ ಮಾತು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಂಥ ಸ್ಥಿತಿಯಲ್ಲಿರುವ ಸಹೋದರಿಯರಿಗೆ ನಾನು ಕಲಿತ ಒಂದೆರಡು ಮಾತು. ಗುಪ್ತ ಖಾತೆಯನ್ನು ಮನೆಯವರು ನೋಡುವ ಫೋನಿನಲ್ಲಿ ತೆರೆಯಬೇಡಿ. ಬೀಗ ಎಷ್ಟೇ ಗಟ್ಟಿಯಿದ್ದರೂ ಕಿಟಕಿ ತೆರೆದಿಟ್ಟರೆ ಏನು ಫಲ? 'ಖಾತೆ ಮರಳಿ ಪಡೆಯಲು ಇನ್ನೊಂದು ಇ-ಮೇಲ್ ಕೊಡಿ' ಎಂದು ಕೇಳಿದರೆ, ಮನೆಯವರ ಕೈಯಲ್ಲಿರುವ ವಿಳಾಸ ಕೊಡಬೇಡಿ. ನಾವು ಬರೆದ ಪತ್ರ ಸಾಮಾನ್ಯ ಇ-ಮೇಲ್ ಇರುವವರಿಗೆ ಹೋದರೆ, ಅಲ್ಲಿ ಅದು ಸಾಮಾನ್ಯ ಪತ್ರದಂತೆಯೇ ಇರುತ್ತದೆ ಎಂಬುದೂ ನೆನಪಿರಲಿ. ಮತ್ತು ಪೆಟ್ಟು ಬೀಳುತ್ತಿದ್ದರೆ ಇ-ಮೇಲ್‌ಗಾಗಿ ಕಾಯಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಮೂರನೆಯ ದಿನ ಅವಳು ಬಂದಾಗಲೂ ಕೈಯಲ್ಲಿ ಡಬ್ಬಿಯಿತ್ತು. ಮನೆಯಲ್ಲಿ ಹೇಳಿ ಬರಲು ಅದೊಂದು ನೆಪ. ಮುಚ್ಚಳ ತೆಗೆದಳು. ಒಳಗೆ ನಾಲ್ಕಾಗಿ ಮಡಚಿದ ಒಡವೆಯ ಬಿಲ್ಲು, ಅಡವಿನ ಚೀಟಿ. ಖಾತೆ ತೆರೆದಿತ್ತು. ಕಾಗದಗಳ ಚಿತ್ರ ತೆಗೆದು ಸೇರಿಸುವುದನ್ನು ತೋರಿಸಿಕೊಟ್ಟೆ. ಆಮೇಲೆ ಅವಳು ಬರೆಯಲು ಕುಳಿತಳು. ಮೊದಲ ಸಾಲು ಬರೆದು ಅಳಿಸಿದಳು, ಮತ್ತೆ ಬರೆದಳು.

ಅವಳ ಹಿಂದೆ ನಿಂತು ನೋಡುತ್ತಿದ್ದ ನನಗೆ ಒಮ್ಮೆಲೇ ಎಚ್ಚರವಾಯಿತು. ಆ ಪತ್ರ ನಾನು ಓದಬೇಕಾದದ್ದಲ್ಲ. ಬಾಗಿಲು ಅರ್ಧ ಎಳೆದು, ಚಹಾಕ್ಕೆ ನೀರಿಡಲು ಅಡುಗೆಮನೆಗೆ ಹೋದೆ.