ಊರಲ್ಲಿ ಮದುವೆ ಇದೆ

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ಹೋರಾಟದ ವಿಷಯ ಅಲ್ಲ ಅನ್ನಿಸಬಹುದು. ಕೊನೆ ತನಕ ಓದಿದ ಮೇಲೆ ಹೌದೋ ಅಲ್ಲವೋ ನೀವೇ ಹೇಳಿ.

ಮೈಸೂರಲ್ಲಿ ನಮ್ಮದೊಂದು ಹಕ್ಕಿ ನೋಡುವವರ ಗುಂಪಿದೆ. ಹನ್ನೊಂದು ಜನ. ಭಾನುವಾರ ಬೆಳಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ, ಇಲ್ಲಾ ಲಿಂಗಾಂಬುಧಿ ಕೆರೆ. ಕಳೆದ ಡಿಸೆಂಬರ್ ಮೂರನೇ ವಾರ ಗುಂಪಿನ ವಾಟ್ಸಾಪಲ್ಲಿ ಒಂದು ಮೆಸೇಜ್ ಬಂತು. ಜನವರಿ ಮೊದಲ ವಾರ ದಾಂಡೇಲಿ, ಮೂರು ದಿನ, ಮಂಗಟ್ಟೆ ಹಕ್ಕಿ ಗ್ಯಾರಂಟಿ, ವಾಸ್ತವ್ಯ, ಸಫಾರಿ, ಕಾರು ಎಲ್ಲ ಸೇರಿ ತಲೆಗೆ 18,500 ಅಷ್ಟೇ.

ಆ "ಅಷ್ಟೇ"ಯನ್ನ ಎರಡು ಸಲ ಓದಿದೆ. ಆಮೇಲೆ ಟೈಪ್ ಮಾಡಿದೆ: "ಊರಲ್ಲಿ ಮದುವೆ ಇದೆ ಸಾರ್, ಈ ಸಲ ಆಗಲ್ಲ."

ಯಾವ ಮದುವೆಯೂ ಇರಲಿಲ್ಲ. ಅದಕ್ಕೂ ಮುಂಚೆ ಮೂರು ಟ್ರಿಪ್ಪಿಗೆ ಇದೇ ಮದುವೆ ಹೇಳಿದ್ದೆ. ಈ ಸಲ ಒಬ್ಬರು ಹಿಡಿದುಬಿಟ್ಟರು. "ಧನುರ್ಮಾಸದಲ್ಲಿ ಯಾರ ಮದುವೆ ಸಾರ್?" ಅಂತ ಕೇಳಿ ನಗುವ ಬೊಂಬೆ ಹಾಕಿದರು. ಇನ್ನೂ ನಾಲ್ಕು ಜನ ನಕ್ಕರು. ನನಗೆ ಉರಿದುಹೋಯ್ತು. "ನಮಗೆ ಧನುರ್ಮಾಸ ಗಿನುರ್ಮಾಸ ಇಲ್ಲ ಸಾರ್. ನಾವು ಬಾಬಾಸಾಹೇಬರ ಫೋಟೋ ಮುಂದೆ ನಿಂತು ಮದುವೆ ಆಗೋರು" ಅಂತ ಹಾಕಿದೆ. ಗ್ರೂಪ್ ತಣ್ಣಗಾಯ್ತು. ಒಬ್ಬರು ಕೈಮುಗಿಯೋ ಬೊಂಬೆ ಹಾಕಿದರು.

ಗೆದ್ದೆ ಅಂದುಕೊಂಡು ಫೋನ್ ಕೆಳಗಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಜೇಬಲ್ಲಿ ದುಡ್ಡಿಲ್ಲ ಅನ್ನೋ ಮಾತನ್ನ ಮುಚ್ಚೋಕೆ ನಾನು ಬಾಬಾಸಾಹೇಬರನ್ನ ಸುಳ್ಳು ಸಾಕ್ಷಿಗೆ ಕರೆದಿದ್ದೆ. ದುಡ್ಡಿಲ್ಲ ಅಂತ ಹೇಳೋಕೆ ನನಗೇಕೆ ಇಷ್ಟು ನಾಚಿಕೆ? ಅವತ್ತಿಂದ ಇದೇ ಯೋಚನೆ.

ನನಗೆ ಈ ಹುಚ್ಚು ಹತ್ತಿಸಿದ್ದು ನಮ್ಮಪ್ಪ. ಒಂಬತ್ತನೇ ವಯಸ್ಸಿಗೆ ಗೌಡರ ಮನೆಗೆ ಜೀತಕ್ಕೆ ಸೇರಿದವರು. 1976ರಲ್ಲಿ ಜೀತ ರದ್ದತಿ ಕಾನೂನು ಬಂತು ಅಂತ ನಾವು ಭಾಷಣದಲ್ಲಿ ಹೇಳ್ತೀವಿ. ಕಾನೂನು ನಮ್ಮ ಕೇರಿ ತನಕ ನಡೆದು ಬರೋಕೆ ಇನ್ನೂ ಕೆಲವು ವರ್ಷ ತಗೊಂಡಿತು. ಆ ವರ್ಷಗಳೆಲ್ಲ ಅಪ್ಪ ದನ ಕಾಯುತ್ತಾ ಹಕ್ಕಿ ಕಲಿತರು. ಸದ್ದು ಕೇಳಿಯೇ ಇದು ಗೌಜಲು, ಇದು ಕೆಂಬೂತ, ಇದು ಮಡಿವಾಳ ಅಂತ ಹೇಳೋರು. ಟಿಟ್ಟಿಭ ಬರಿ ನೆಲದ ಕಲ್ಲುಗಳ ನಡುವೆ ಮೊಟ್ಟೆ ಇಡುತ್ತೆ, ಮೊಟ್ಟೆಯೂ ಕಲ್ಲಿನ ಬಣ್ಣದ್ದೇ, ನೋಡಿ ಕಾಲಿಡು ಅಂತ ನನಗೆ ಕಲಿಸಿದ್ದು ಅವರೇ. ತೇಜಸ್ವಿಯವರ ಪುಸ್ತಕಗಳು ಸಿಕ್ಕಿದ್ದು ಆಮೇಲೆ, ಕಾಲೇಜು ಹಾಸ್ಟೆಲಲ್ಲಿ.

ಮೇಷ್ಟರ ಕೆಲಸ ಸಿಕ್ಕಿ ಎಷ್ಟೋ ವರ್ಷ ಆದಮೇಲೆ ಒಂದು ಬೈನಾಕ್ಯುಲರ್ ತಗೊಂಡೆ. 8x42. ಅಂದ್ರೆ ಎಂಟು ಪಟ್ಟು ಹತ್ತಿರ ಕಾಣುತ್ತೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಬೆಲೆ 9,500. ಹದಿನಾಲ್ಕು ತಿಂಗಳು ಕೂಡಿಟ್ಟೆ. ಊರಿಗೆ ತಗೊಂಡು ಹೋಗಿ ಅಪ್ಪನ ಕೈಗೆ ಕೊಟ್ಟೆ. ಬೇಲಿ ಮೇಲೆ ಕೆಂಬೂತ ಕೂತಿತ್ತು. ಅಪ್ಪ ಬಹಳ ಹೊತ್ತು ನೋಡಿದರು. "ಅರವತ್ತೊರ್ಸದಿಂದ ಇದ್ನ ನೋಡಿವ್ನಿ ಕಣಪ್ಪ, ಇದ್ರ ಕಣ್ಣು ಇಷ್ಟು ಕೆಂಪಗದೆ ಅಂತ ಇವತ್ತೇ ಗೊತ್ತಾಗಿದ್ದು" ಅಂದರು. ಆಮೇಲೆ ಕೇಳಿದರು, "ಎಷ್ಟು ಕೊಟ್ಟೆ ಇದ್ಕೆ?"

"ಎರಡು ಸಾವಿರ" ಅಂದೆ. ಅದೂ ಸುಳ್ಳೇ.

ಗುಂಪಿನವರ ಮುಂದೆ ದುಡ್ಡಿಲ್ಲ ಅನ್ನೋದನ್ನ ಮುಚ್ಚಿಟ್ಟೆ. ಅಪ್ಪನ ಮುಂದೆ ದುಡ್ಡು ಖರ್ಚು ಮಾಡಿದ್ದನ್ನ ಮುಚ್ಚಿಟ್ಟೆ. ನಮ್ಮಲ್ಲಿ ಮೊದಲ ಸಂಬಳ ಕಂಡ ತಲೆಮಾರಿನವರಿಗೆ ಈ ಎರಡೂ ಕಡೆಯ ಸುಳ್ಳು ಚೆನ್ನಾಗಿ ಗೊತ್ತಿರುತ್ತೆ.

ನಮ್ಮ ಗುಂಪಲ್ಲಿ ಇನ್ನೊಬ್ಬ ಮೇಷ್ಟರಿದ್ದಾರೆ. ನನ್ನಷ್ಟೇ ಸರ್ವೀಸು, ನನ್ನಷ್ಟೇ ಸಂಬಳ. ಒಳ್ಳೆಯ ಮನುಷ್ಯ. ಅವರ ಹತ್ರ 600 ಎಂಎಂ ಲೆನ್ಸ್ ಇದೆ. ಹೊಸದು ತಗೊಂಡ್ರೆ ಹತ್ತು ಲಕ್ಷ ದಾಟುವ ಲೆನ್ಸು. ಅವರು ಒಂದು ಸಲ ನಿಜವಾಗಿಯೂ ಅರ್ಥವಾಗದೆ ಕೇಳಿದರು, "ಸಂಬಳ ಒಂದೇ ಅಲ್ವಾ ಸಾರ್ ನಮ್ಮದು?"

ಮನೆಗೆ ಬಂದು ಲೆಕ್ಕ ಬರೆದೆ. ಕೈಗೆ ಬರೋದು 58,000. ಮನೆ ಬಾಡಿಗೆ 11,000. ಇದಕ್ಕಿಂತ ಕಡಿಮೆ ಬಾಡಿಗೆಗೆ ಎರಡು ಮನೆ ನೋಡಿದ್ದೆ, ಇಬ್ಬರೂ ಓನರ್‌ಗಳು "ನೀವು ಯಾವ ಜನ?" ಅಂತ ಕೇಳಿ ಆಮೇಲೆ ಫೋನ್ ಎತ್ತಲಿಲ್ಲ. ಊರಿನ ಮನೆ ಸಾಲದ ಕಂತು 12,000. ತಮ್ಮನ ಆಟೋ ಕಂತು 7,500. ಅಕ್ಕನ ಮಗಳ ನರ್ಸಿಂಗ್ ಫೀಸು, ತಿಂಗಳಿಗೆ ಹಂಚಿದರೆ 6,000. ಅಪ್ಪನ ಸಕ್ಕರೆ, ಬಿಪಿ ಮಾತ್ರೆ 3,500. ನಮ್ಮ ಮನೆ ಖರ್ಚು 14,000. ಉಳಿದದ್ದು 4,000. ಅದರಲ್ಲೇ ಸಾವು, ಮುಯ್ಯಿ, ಏಪ್ರಿಲ್ 14ರ ಚಂದಾ.

ಅವರದ್ದು? ಮನೆ ಅವರ ತಂದೆ ಕಟ್ಟಿಸಿದ್ದು. ತಾಯಿಗೆ ಪೆನ್ಷನ್ ಬರುತ್ತೆ. ಹೆಂಡತಿಗೂ ಕೆಲಸ. ಸಾಲ ಕೇಳೋಕೆ ಬರೋ ತಮ್ಮ ಇಲ್ಲ, ಇದ್ದರೂ ಅವನಿಗೇ ಕೆಲಸ ಇರ್ತಿತ್ತು. ಇದರಲ್ಲಿ ಅವರ ತಪ್ಪು ಒಂದೂ ಇಲ್ಲ. ಆದರೆ ಸಂಬಳದ ಚೀಟಿಯಲ್ಲಿ ಕಾಣೋದು ಈ ತಿಂಗಳ ದುಡ್ಡು ಮಾತ್ರ. ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಮಿಗುತ್ತೆ ಅನ್ನೋದನ್ನ ಹಿಂದಿನ ಮೂರು ತಲೆಮಾರು ಮೊದಲೇ ತೀರ್ಮಾನ ಮಾಡಿರ್ತವೆ. ಅವರ ತಾತನಿಗೆ ಜಮೀನಿತ್ತು. ನನ್ನ ತಾತ ಅಂಥದ್ದೇ ಜಮೀನಲ್ಲಿ ಉಳುತ್ತಿದ್ದ.

ಬೇಸರ ಆಗೋದು ಅವರ ಲೆನ್ಸ್ ನೋಡಿ ಅಲ್ಲ. ಅದರಲ್ಲಿ ಬರೋ ಫೋಟೋ ನೋಡಿ ನಾನೂ ಖುಷಿ ಪಟ್ಟಿದ್ದೀನಿ. ಬೇಸರ ಆಗೋದು ಮಾತಿಗೆ. "ನಿಜವಾದ ಪ್ಯಾಷನ್ ಇದ್ರೆ ದುಡ್ಡು ಹೆಂಗೋ ಹೊಂದುತ್ತೆ ಸಾರ್." ಅಂದ್ರೆ ದುಡ್ಡು ಹೊಂದದವನಿಗೆ ಪ್ಯಾಷನ್ ಕಮ್ಮಿ ಅಂತ ತಾನೇ? ವಾಕ್ ಮುಗಿಸಿ ಹೋಟೆಲಿಗೆ ಹೋಗ್ತೀವಿ, ನಾನು ಬರೀ ಕಾಫಿ ಕುಡೀತೀನಿ, ಬಿಲ್ಲು ಬಂದಾಗ "ಸಮ ಭಾಗ ಮಾಡ್ಬಿಡೋಣ" ಅಂತಾರೆ. ಒಂದು ಕಾಫಿಗೆ 240 ಕೊಟ್ಟು ಎದ್ದು ಬಂದಿದ್ದೀನಿ. ಒಂದು ಸಲ ಲಿಂಗಾಂಬುಧಿಯ ಜೊಂಡಿನೊಳಗೆ ನೀಲಿಗಂಟಲು ಹಕ್ಕಿಯನ್ನ ಸದ್ದಲ್ಲೇ ಗುರುತಿಸಿ ತೋರಿಸಿದೆ. ಫೋಟೋ ತೆಗೆದವರಿಗೆ ಹೊಗಳಿಕೆ ಸಿಕ್ಕಿತು. ತೋರಿಸಿದವನ ಹೆಸರು ಎಲ್ಲೂ ಇರಲಿಲ್ಲ.

"ನಿಮ್ಮ ಪಾಲು ನಾನು ಹಾಕ್ತೀನಿ ಬನ್ನಿ" ಅಂದವರೂ ಇದ್ದಾರೆ. ಪ್ರೀತಿಯಿಂದಲೇ ಅಂದರು. ಆದರೂ ಹೋಗಲಿಲ್ಲ. ಅವರ ದುಡ್ಡಲ್ಲಿ ಹೋದರೆ ಮೂರು ದಿನವೂ ನಾನು ಅವರ ಜೋಕಿಗೆ ನಗಬೇಕಾಗುತ್ತೆ.

ಇನ್ನು ನಮ್ಮವರ ಮಾತು. ಇದನ್ನ ಬರೆಯದೆ ಬಿಟ್ಟರೆ ಅರ್ಧ ಸತ್ಯ ಆಗುತ್ತೆ. ಒಂದು ಸಭೆಗೆ ಬೈನಾಕ್ಯುಲರ್ ನೇತಾಕಿಕೊಂಡೇ ಹೋಗಿದ್ದೆ. ಹಿರಿಯ ಸಂಗಾತಿಯೊಬ್ಬರು, "ಏನಪ್ಪ, ಚಂದಾ ಕೇಳಿದ್ರೆ ಐನೂರು ಕೊಡ್ತೀಯ, ಇಂಥ ಶೋಕಿಗೆಲ್ಲ ಎಲ್ಲಿಂದ ಬರ್ತದೆ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನೋಡಿ, ಇರೋರು ಮಾಡಿದರೆ ಅದು ಹವ್ಯಾಸ, ನಾವು ಮಾಡಿದರೆ ಶೋಕಿ. ಈ ಪದಗಳನ್ನ ನಮಗೆ ಹಂಚಿದ್ದು ಯಾರು?

ಬಾಬಾಸಾಹೇಬರು 1945ರಲ್ಲಿ ಬರೆದ ಪುಸ್ತಕ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಅನ್ನೋದು. ಅದರಲ್ಲಿ ಯಂತ್ರಗಳ ಬಗ್ಗೆ ಅವರು ಹೇಳೋದನ್ನ ಓದಿ ನೋಡಿ. ಯಂತ್ರ ಯಾಕೆ ಬೇಕು ಅಂದ್ರೆ, ಮನುಷ್ಯ ಇಡೀ ದಿನ ಹೊಟ್ಟೆಗಾಗಿ ದುಡಿದು ಮೃಗದಂತೆ ಬದುಕೋದು ತಪ್ಪಬೇಕು, ಅವನಿಗೆ ಬಿಡುವು ಸಿಗಬೇಕು, ಬಿಡುವಿಲ್ಲದೆ ಸಂಸ್ಕೃತಿ ಇಲ್ಲ, ಇದು ಅವರ ವಾದ. ಅವರೇ ಪುಸ್ತಕಗಳಿಗೆ ಜಾಗ ಬೇಕು ಅಂತ ದಾದರಿನಲ್ಲಿ ರಾಜಗೃಹ ಕಟ್ಟಿಸಿದರು. ಅಷ್ಟು ಕೆಲಸದ ನಡುವೆಯೂ ಪಿಟೀಲು ಕಲಿಯೋಕೆ ಕೂತರು. ಅದನ್ನ ಶೋಕಿ ಅನ್ನೋ ಧೈರ್ಯ ನಮ್ಮಲ್ಲಿ ಯಾರಿಗಿದೆ? ಜೀತದ ಹುಡುಗನಿಗೂ ಹಕ್ಕಿ ನೋಡುವ ಕಣ್ಣಿತ್ತು. ಅವನ ಹೊತ್ತು ಮಾತ್ರ ಅವನದಾಗಿರಲಿಲ್ಲ. ಇವತ್ತು ಭಾನುವಾರದ ಎರಡು ಗಂಟೆ ನನ್ನದು. ಅದನ್ನ ಬಿಟ್ಟುಕೊಡಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವನಾಗಿ ಉಳಿದುಬಿಡ್ತಿದ್ದೆ. ಆದರೆ ಹದಿನಾರು ಕೆರೆಯಲ್ಲಿ ನಡೆದದ್ದನ್ನ ಹೇಳಲೇಬೇಕು.

ನಂಜನಗೂಡಿನ ಕಡೆ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು. ಗುಂಪು ದಾಂಡೇಲಿಗೆ ಹೋದ ಭಾನುವಾರ ನಾನೊಬ್ಬನೇ ಬಸ್ಸಲ್ಲಿ ಅಲ್ಲಿಗೆ ಹೋದೆ. ಏರಿ ಮೇಲೆ ಕೂತು ನೋಡ್ತಿದ್ದಾಗ ಮೇಕೆ ಕಾಯೋ ಹುಡುಗನೊಬ್ಬ ಬಂದು ಪಕ್ಕ ನಿಂತ. ಹನ್ನೆರಡು ಹದಿಮೂರು ವರ್ಷ ಇರಬೇಕು. "ಸಾ, ಒಂದ್ಸಲ ಕೊಡಿ ಸಾ" ಅಂತ ಕೈ ಚಾಚಿದ. ಕೈಯಲ್ಲಿ ಮಣ್ಣು.

ನನ್ನ ಬಾಯಿಂದ ಬಂದ ಮಾತು: "ಏಯ್, ಮುಟ್ಟಬೇಡ. ಇದರ ಬೆಲೆ ಎಷ್ಟು ಗೊತ್ತಾ?"

ಅವನು ಕೈ ಹಿಂದಕ್ಕೆ ತಗೊಂಡ. ಎರಡು ಹೆಜ್ಜೆ ದೂರ ಹೋಗಿ ನಿಂತ. ಅಳಲಿಲ್ಲ, ಸಿಟ್ಟಾಗಲಿಲ್ಲ. ಅಭ್ಯಾಸ ಇದ್ದವನ ಥರ ನಿಂತ. ಆಮೇಲೆ ಮೇಕೆ ಹೊಡ್ಕೊಂಡು ಹೊರಟುಹೋದ.

ಆ ಮಾತನ್ನ ಗೌಡರ ಜಗಲಿಯ ಕೆಳಗೆ ನಿಂತು ಅಪ್ಪ ಎಷ್ಟು ಸಲ ಕೇಳಿಸಿಕೊಂಡಿದ್ದರೋ. ನಾನೇ ಹೋಟೆಲಿನ ಲೋಟದ ಮುಂದೆ ಕೇಳಿಸಿಕೊಂಡಿದ್ದೆ. 9,500 ರೂಪಾಯಿಯ ಒಂದು ವಸ್ತು ಕುತ್ತಿಗೆಗೆ ಬಿದ್ದ ಕೂಡಲೇ ಅದೇ ಮಾತು ನನ್ನ ಬಾಯಿಗೂ ಬಂತು. ಮೇಲಿನವರು ನನಗೆ ಕೊಟ್ಟದ್ದನ್ನ ನಾನು ಕೆಳಗೆ ದಾಟಿಸಿದ್ದೆ. ಮೆಟ್ಟಿಲು ಮೆಟ್ಟಿಲು ಜಾತಿ ಅಂತ ವರ್ಷಗಟ್ಟಲೆ ಭಾಷಣ ಮಾಡಿದವನು ನಾನು.

ಮುಂದಿನ ಭಾನುವಾರ ಗುಂಪಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟೆ. ಮದುವೆ ಸುಳ್ಳು, ದುಡ್ಡಿಲ್ಲ, ಲೆಕ್ಕ ಇದು. ಹದಿನಾರು ಕೆರೆಯ ಕಥೆಯನ್ನೂ ಹೇಳಿದೆ. ಒಂದಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಒಬ್ಬರು "ಇಲ್ಲೂ ಜಾತಿ ತರಬೇಕಾ ಸಾರ್?" ಅಂತ ಕೇಳಿದರು. ಅವರು ಆಮೇಲೆ ಬರೋದು ಕಮ್ಮಿ ಮಾಡಿದ್ದಾರೆ. ಆದರೆ ಇನ್ನೊಬ್ಬರು, ಬ್ಯಾಂಕಿನಿಂದ ರಿಟೈರ್ ಆದ ಮೇಡಂ, "ನಾನೂ ದಾಂಡೇಲಿಗೆ ಮಗನ ಹತ್ರ ದುಡ್ಡು ಕೇಳಿ ಹೋದೆ, ಹೇಳೋಕೆ ನಾಚ್ಕೆ ಆಗಿತ್ತು" ಅಂದರು. ಮೇಷ್ಟರು ಸುಮ್ಮನೆ ತಲೆ ಬಗ್ಗಿಸಿ ಕೇಳಿಸಿಕೊಂಡರು. ಬಸ್ಸು ಹತ್ತಿಸಲು ಬಂದಾಗ, "ಆ ನೀಲಿಗಂಟಲು ಫೋಟೋಗೆ ನಿಮ್ಮ ಹೆಸರು ಹಾಕಿದ್ದೀನಿ" ಅಂದರು.

ಈಗ ಸ್ವಲ್ಪ ಬದಲಾಗಿದೆ. ತಿಂಗಳಿಗೊಂದು ನಡಿಗೆ ಸಿಟಿ ಬಸ್ ಹೋಗುವ ಜಾಗಕ್ಕೇ. ದೂರದ ಟ್ರಿಪ್ಪಿಗೆ ಖರ್ಚು ಎರಡು ತಿಂಗಳ ಮುಂಚೆ ಹೇಳಬೇಕು, ಬರಲ್ಲ ಅಂದವರನ್ನ ಯಾಕೆ ಅಂತ ಕೇಳಬಾರದು. ಹೋಟೆಲಲ್ಲಿ ತಿಂದಷ್ಟಕ್ಕೆ ಕೊಡೋದು. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತೆ. ಹದಿನೈದು ನಿಮಿಷ ನೋಡಿ ಎಣಿಸಿ ಬರೆದರೆ ಸಾಕು, ಲೆನ್ಸ್ ಬೇಡ. ಈ ವರ್ಷ ಅದನ್ನ ನಮ್ಮ ಸ್ಕೂಲಿನ ಮಕ್ಕಳ ಜೊತೆ ಮಾಡಿದೆವು. ಇದರಿಂದ ಯಾರ ಜಮೀನೂ ಹಂಚಿಕೆ ಆಗಲಿಲ್ಲ, ಗೊತ್ತು.

ಹದಿನಾರು ಕೆರೆಗೆ ಮತ್ತೆ ಎರಡು ಸಲ ಹೋದೆ. ಎರಡನೇ ಸಲ ಆ ಹುಡುಗ ಸಿಕ್ಕಿದ. ಗುರುತು ಹಿಡಿದ. ಬೈನಾಕ್ಯುಲರ್ ಮುಂದೆ ಹಿಡಿದೆ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ, ನಾನು ಹಿಡಿದಿದ್ದಂಗೇ ಕಣ್ಣಿಟ್ಟು ನೋಡೋಕೆ ಬಂದ. ಮುಟ್ಟಲಿಲ್ಲ. ನನ್ನ ಮಾತು ಅವನು ಮರೆತಿರಲಿಲ್ಲ.

ಪಟ್ಟಿ ತೆಗೆದು ಅವನ ಕುತ್ತಿಗೆಗೆ ಹಾಕಿದೆ. "ತಪ್ಪಾಯ್ತು ಕಣಪ್ಪ, ನೀನೇ ಹಿಡ್ಕೊ" ಅಂದೆ. ಬಹಳ ಹೊತ್ತು ನೋಡಿ, "ಸಾ, ತಲೆ ಮೇಲೆ ಎರಡು ಕರಿ ಗೆರೆ ಅವೆ ಸಾ!" ಅಂದ.

ಊರಿಗೆ ಹೋದಾಗ ಅಪ್ಪನಿಗೂ ನಿಜವಾದ ಬೆಲೆ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. "ಅದ್ಕೇನಂತೆ, ಇನ್ನೊಂದ್ಸಲ ಕೊಡು ಇತ್ತ" ಅಂದರು.

ಜೈ ಭೀಮ್.