ನಗೆಯ ಕೊನೆಯ ಕತ್ತಲೆ

ಹಾಸ್ಯಕ್ಕೆ ಕರುಣವೂ ಭಯಾನಕವೂ ವಿರೋಧಿ ರಸಗಳೆಂದು ವಿಶ್ವನಾಥನ ಸಾಹಿತ್ಯದರ್ಪಣವನ್ನು ಪಾಠ ಹೇಳುವಾಗ ನಮ್ಮ ಗುರುಗಳು ಬೋಧಿಸಿದ್ದರು. ಆ ಮಾತನ್ನು ನಾನು ಬಹುಕಾಲ ಅಕ್ಷರಶಃ ನಂಬಿದ್ದೆನು. ಆದುದರಿಂದ ಕುಂದನ್ ಷಾ ಅವರು ನಿರ್ದೇಶಿಸಿ 1983ರಲ್ಲಿ ತೆರೆಕಂಡ ‘ಜಾನೇ ಭಿ ದೋ ಯಾರೋ’ ಎಂಬ ಹಿಂದಿ ಚಲಚ್ಚಿತ್ರವನ್ನು ಮೊದಲ ಸಲ ನೋಡಿದಾಗ, ಕಡೆಯ ಕೆಲವು ನಿಮಿಷಗಳ ಹೊರತು ಮಿಕ್ಕುದೆಲ್ಲ ಸೊಗಸೆಂದು ತೀರ್ಪು ಕೊಟ್ಟೆನು. ಎರಡು ಗಂಟೆ ನಗಿಸಿದವನು ಹೊರಡುವಾಗ ಕೆನ್ನೆಗೆ ಹೊಡೆದು ಕಳುಹಿಸುವುದು ಅನೌಚಿತ್ಯವಲ್ಲದೆ ಮತ್ತೇನೆಂಬುದು ನನ್ನ ವಾದ.

ಕಥೆಯನ್ನು ಅರಿಯದ ವಾಚಕರಿಗಾಗಿ ನಾಲ್ಕು ಮಾತು. ಮುಂಬಯಿಯಲ್ಲಿ ಛಾಯಾಚಿತ್ರದ ಅಂಗಡಿ ತೆರೆದ ವಿನೋದ, ಸುಧೀರರೆಂಬ ಇಬ್ಬರು ಬಡ ಪ್ರಾಮಾಣಿಕರು ಒಂದು ಪತ್ರಿಕೆಯ ಸಂಪಾದಕಿಗಾಗಿ ಕಟ್ಟಡದ ಧಣಿಗಳ ಲಂಚದ ವ್ಯವಹಾರವನ್ನು ಬೆನ್ನಟ್ಟುತ್ತಾರೆ. ತಾವು ತೆಗೆದ ಚಿತ್ರವನ್ನು ದೊಡ್ಡದು ಮಾಡಿ ನೋಡಲಾಗಿ ಅದರಲ್ಲೊಂದು ಕೊಲೆ ಕಾಣುತ್ತದೆ. ಸತ್ತವನು ನಗರಸಭೆಯ ಕಮಿಷನರು. ಅಲ್ಲಿಂದಾಚೆಗೆ ಅವನ ಹೆಣವೇ ಕಥಾನಾಯಕ! ಅದು ಕೈಯಿಂದ ಕೈಗೆ ಸಾಗಿ, ಮಹಾಭಾರತದ ನಾಟಕ ನಡೆಯುತ್ತಿರುವ ರಂಗದ ಮೇಲೆ ದ್ರೌಪದಿಯ ವೇಷದಲ್ಲಿ ನಿಲ್ಲುತ್ತದೆ. ದುರ್ಯೋಧನನ ವೇಷದವನೇ ವಸ್ತ್ರಾಪಹರಣ ಬೇಡವೆನ್ನುತ್ತಾನೆ. ಕುರುಡು ಧೃತರಾಷ್ಟ್ರನು ಏನಾಗುತ್ತಿದೆಯೆಂದು ಕೇಳುತ್ತಲೇ ಇರುತ್ತಾನೆ. ಇಷ್ಟು ನಕ್ಕ ಮೇಲೆ, ಧಣಿಗಳೂ ಸಂಪಾದಕಿಯೂ ಪೋಲೀಸಿನವರೂ ಒಳಗೊಳಗೇ ಒಪ್ಪಂದಕ್ಕೆ ಬಂದು, ಕುಸಿದುಬಿದ್ದ ಸೇತುವೆಯ ಅಪರಾಧವನ್ನು ಆ ಇಬ್ಬರ ತಲೆಗೆ ಕಟ್ಟುತ್ತಾರೆ. ಅವರು ಕೈದಿಗಳ ಉಡುಪಿನಲ್ಲಿ ಬೀದಿಯಲ್ಲಿ ನಡೆದುಬಂದು, ನಮ್ಮತ್ತ ತಿರುಗಿ ಕೊರಳ ಮೇಲೆ ಕೈಯೆಳೆದು ತೋರಿಸುವಲ್ಲಿಗೆ ಕಥೆ ಮುಗಿಯುತ್ತದೆ.

ಕೆಲವು ವರ್ಷಗಳ ಹಿಂದೆ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದಿದ್ದಾಗ ಎಲ್ಲರೂ ಕೂಡಿ ಅದನ್ನು ಮತ್ತೆ ನೋಡಿದೆವು. ಕಾಮಗಾರಿಯೊಂದರ ಅಳತೆ ಪುಸ್ತಕಕ್ಕೆ ಸುಳ್ಳು ಸಹಿ ಹಾಕಲು ಒಪ್ಪದೆ, ಕಡೆಗೆ ಆ ಕಾಮಗಾರಿಯ ದೋಷವನ್ನೆಲ್ಲ ತಾನೇ ಹೊತ್ತು ಅಮಾನತಿನಲ್ಲಿದ್ದವನು ಆತ. ನಿಜವನ್ನೇ ಹೇಳಬೇಕೆಂದು ಅವನಿಗೆ ಪಾಠಮಾಡಿದವನು ನಾನು. ಚಿತ್ರ ಮುಗಿದೊಡನೆ ಅಭ್ಯಾಸಬಲದಿಂದ ರಸವಿರೋಧದ ಮಾತೆತ್ತಿದೆನು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ಅವರಿಬ್ಬರೂ ಗೆದ್ದುಬಿಟ್ಟಿದ್ದರೆ ನಾನು ನಕ್ಕು ಮರೆತುಬಿಡುತ್ತಿದ್ದೆ. ಈಗ, ನನ್ನ ಕಥೆ ಯಾರೋ ಒಬ್ಬರಿಗೆ ಗೊತ್ತಿತ್ತು ಅನ್ನಿಸುತ್ತೆ” ಎಂದನು.

ಆ ರಾತ್ರಿ ಧ್ವನ್ಯಾಲೋಕದ ಮೂರನೆಯ ಉದ್ದ್ಯೋತವನ್ನು ತೆಗೆದು ನೋಡಿದೆನು. ವಿರೋಧಿ ರಸಗಳನ್ನು ಒಂದೆಡೆ ತರಬೇಕಾದರೆ ನಡುವೆ ಮೂರನೆಯ ರಸವೊಂದನ್ನು ಇಡಬಹುದೆಂದು ಆನಂದವರ್ಧನನು ದಾರಿ ತೋರಿದ್ದಾನೆ. ನಾಗಾನಂದವೇ ಅವನ ಉದಾಹರಣೆ. ಈ ಚಿತ್ರದಲ್ಲಿ ಅಂತಹ ರಸವಿಲ್ಲವೆಂದುಕೊಂಡಿದ್ದೆನು. ಇದ್ದಿತು. ಬೀಭತ್ಸವು ಹೆಣದ ರೂಪದಲ್ಲಿ ಮೊದಲಿನಿಂದಲೂ ನಮ್ಮ ಕಣ್ಣೆದುರಿಗೇ ಓಡಾಡುತ್ತಿತ್ತು. ನಗುವಿನ ಭರದಲ್ಲಿ ನಾವು ಅದನ್ನು ಹೆಣವೆಂದು ಎಣಿಸಲಿಲ್ಲ, ಅಷ್ಟೆ. ದ್ರೌಪದಿಯ ಪ್ರಶ್ನೆಗೆ ಕುರುಸಭೆಯಲ್ಲಿ ಸರಿಯಾದ ಉತ್ತರ ದೊರೆಯಲಿಲ್ಲವಷ್ಟೆ. ಇಲ್ಲಿಯ ದ್ರೌಪದಿಯಂತೂ ಪ್ರಶ್ನೆಯನ್ನೇ ಕೇಳಲಾರಳು.

ಕತ್ತಲೆಯ ಕೊನೆಗಳೆಲ್ಲ ಹೀಗೆ ಸಲ್ಲುವುವೆಂದು ನಾನು ಹೇಳಲಾರೆ. ಸ್ಟಾನ್ಲಿ ಕುಬ್ರಿಕನ ‘ಡಾಕ್ಟರ್ ಸ್ಟ್ರೇಂಜ್‌ಲವ್’ (1964) ಬಹಳ ಹೊಗಳಿಸಿಕೊಂಡ ಕೃತಿ. ಅದರ ಕೊನೆಯಲ್ಲಿ ಲೋಕವೇ ಅಣುಬಾಂಬುಗಳಿಂದ ಉರಿದುಹೋಗುತ್ತದೆ. ಹಿನ್ನೆಲೆಯಲ್ಲಿ ಇಂಪಾದ ಹಾಡು. ಬುದ್ಧಿ ಮೆಚ್ಚಿತು, ಕಣ್ಣು ಒದ್ದೆಯಾಗಲಿಲ್ಲ. ಎಲ್ಲರೂ ಒಟ್ಟಿಗೆ ಸತ್ತರೆ ಕರುಣಕ್ಕೆ ಆಲಂಬನ ಯಾರು? ಮುಂಬಯಿಯ ಆ ಇಬ್ಬರಾದರೋ ನಮಗೆ ಹೆಸರು ಹಿಡಿದು ಗೊತ್ತು.

ಮರುದಿನ ಹೊರಡುವ ಮುನ್ನ ಶಿಷ್ಯನು ನಾಟಕದ ಭಾಗವನ್ನು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದನು. ಹೊಟ್ಟೆ ಹಿಡಿದುಕೊಂಡು ನಕ್ಕನು. ನನಗೆ ನಗು ಬರಲಿಲ್ಲ.