ಹಿತ್ತಲಲ್ಲಿ ಬೆಂಕಿಗೊಂದು ಜಾಗ

ನೀವು ಕುಕ್ಕರುಗಾಲಲ್ಲಿ ಕೂತಿದ್ದೀರಿ. ಡಿಸೆಂಬರಿನ ಶನಿವಾರ, ಸಂಜೆ ಆರೂವರೆ. ಜಯನಗರದ ಹಳೇ ಮನೆಯೊಂದರ ಹಿತ್ತಲು. ಬರಿಗಾಲಿನ ಕೆಳಗೆ ಕಲ್ಲುಚಪ್ಪಡಿ ತಣ್ಣಗಿದೆ, ಚಳಿ ಹಿಮ್ಮಡಿಯಿಂದ ಮೀನಖಂಡಕ್ಕೆ ಹತ್ತುತ್ತಿದೆ. ಹೂಕುಂಡಗಳ ಸುತ್ತ ಅಂದಕ್ಕೆಂದು ಇಟ್ಟಿದ್ದ ದುಂಡನೆಯ ಹೊಳೆಗಲ್ಲುಗಳನ್ನೇ ತಂದು ಚಪ್ಪಡಿಯ ಮೇಲೆ ಬಳೆಯಂತೆ ಜೋಡಿಸಿದ್ದೀರಿ. ನಡುವೆ ಸೀಳಿದ ತೆಂಗಿನಗರಿ, ಅದರ ಮೇಲೆ ನಾಲ್ಕು ಕರಟ, ಅದರ ಮೇಲೆ ಸೌದೆ ಡಿಪೋದಿಂದ ತಂದ ಸರ್ವೆ ತುಂಡುಗಳು. ಕಡ್ಡಿ ಗೀರುತ್ತೀರಿ. ಗಂಧಕದ ಘಾಟು ಮೂಗಿನ ಬುಡಕ್ಕೆ ಹೊಡೆಯುತ್ತದೆ. ಗರಿ ಸರಸರನೆ ಹೊತ್ತಿಕೊಳ್ಳುತ್ತದೆ, ಕರಟದ ಎಣ್ಣೆ ಸೀಯುವ ವಾಸನೆ ಏಳುತ್ತದೆ. ಅಮ್ಮ ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತಿದ್ದಾರೆ. ಮಗಳು ನಿಮ್ಮ ಬೆನ್ನಿಗೇ ಅಂಟಿಕೊಂಡಿದ್ದಾಳೆ.

ಅರ್ಧ ಗಂಟೆ ಎಲ್ಲವೂ ಸುಖವಾಗಿದೆ. ಮುಖ ಬಿಸಿಯಾಗಿದೆ, ಅಂಗೈ ಚಾಚಿದ್ದೀರಿ.

ಚಿಟ್.

ಸೌದೆಯ ಸದ್ದು ಇರಬೇಕು ಎಂದುಕೊಳ್ಳುತ್ತೀರಿ. ಮತ್ತೆ ಚಿಟ್, ಈ ಸಲ ಕೆಳಗಿನಿಂದ. ಅಂಗಾಲಿಗೆ ಏನೋ ತಿವಿದಂತಾಗುತ್ತದೆ. "ಹಿಂದೆ ಬಾ!" ಎಂದು ಅಮ್ಮ ಕೂಗುತ್ತಾರೆ. ತಿರುಗುತ್ತೀರಿ, ಮಗಳ ತೋಳು ಹಿಡಿಯುತ್ತೀರಿ, ಎಳೆಯುತ್ತೀರಿ. ಪಟಾಕಿ ಹೊಡೆದಂತೆ ಢಮ್ಮನೆ ಒಂದು ಕಲ್ಲು ಸಿಡಿಯುತ್ತದೆ. ಕಿವಿಯ ಪಕ್ಕದಲ್ಲೇ ಏನೋ ಹಾದುಹೋಗಿ, ಗೋಡೆಗೊರಗಿಸಿದ್ದ ಸ್ಟೀಲ್ ಬಕೆಟ್ಟಿಗೆ ಠಣ್ಣೆಂದು ಬಡಿಯುತ್ತದೆ. ಕೆಂಡ ಚೆಲ್ಲಾಪಿಲ್ಲಿಯಾಗುತ್ತದೆ.

ಮೊದಲು ಮಗಳ ಕಣ್ಣು ನೋಡುತ್ತೀರಿ, ಆಮೇಲೆ ಕೆನ್ನೆ, ಕೈ. ಏನೂ ಆಗಿಲ್ಲ. ನಿಮ್ಮ ಎದೆ ಮಾತ್ರ ಗಂಟಲಲ್ಲೇ ಬಡಿದುಕೊಳ್ಳುತ್ತಿದೆ, ಬಾಯಿ ಒಣಗಿದೆ. ಬೆಂಕಿ ಆರಿದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಹೊಳೆಗಲ್ಲು ಎರಡು ಹೋಳಾಗಿದೆ. ಅದರ ಕೆಳಗಿನ ಚಪ್ಪಡಿಯೂ ಉಳಿದಿಲ್ಲ. ಕಾವಲಿಯಿಂದ ದೋಸೆ ಅಂಚು ಬಿಟ್ಟು ಏಳುತ್ತದಲ್ಲ, ಹಾಗೆ ಕಲ್ಲಿನದೊಂದು ಪದರ ಎದ್ದು ನಿಂತಿದೆ.

ಹೊಳೆಗಲ್ಲು ನೋಡಲು ನುಣುಪು, ಒಳಗೆ ಮಾತ್ರ ಕೂದಲೆಳೆಯಂಥ ಬಿರುಕುಗಳು. ದಿನಾ ಬೆಳಿಗ್ಗೆ ಗಿಡಕ್ಕೆ ಸುರಿದ ನೀರನ್ನು ಅದೂ ಕುಡಿದಿದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಬಿರುಕಿನೊಳಗೆ ಅದಕ್ಕೆ ದಾರಿಯಿಲ್ಲ, ಕಲ್ಲನ್ನೇ ಒಡೆದುಕೊಂಡು ಬರುತ್ತದೆ. ಚಪ್ಪಡಿಯ ಕಥೆ ಬೇರೆ. ಬೆಂಕಿ ತಾಗಿದ ಮೇಲ್ಮೈ ಹಿಗ್ಗುತ್ತದೆ, ತಣ್ಣಗಿರುವ ಒಳಭಾಗ ಹಿಗ್ಗುವುದಿಲ್ಲ. ಕಾವು 573 ಡಿಗ್ರಿ ಮುಟ್ಟಿದರಂತೂ ಗ್ರಾನೈಟಿನಲ್ಲಿರುವ ಬೆಣಚು ತನ್ನ ಹರಳಿನ ರೂಪವನ್ನೇ ಬದಲಿಸಿ ಒಮ್ಮೆಗೇ ಉಬ್ಬುತ್ತದೆ. ಚೆನ್ನಾಗಿ ಉರಿಯುವ ಸೌದೆಯ ಕೆಂಡಕ್ಕೆ ಅಷ್ಟು ಕಾವು ದೊಡ್ಡದೇನಲ್ಲ.

ಈ ಊರಿನ ಕಲ್ಲುಕುಟಿಗರಿಗೆ ಇದು ಎಂದೋ ಗೊತ್ತಿತ್ತು. ಬೆಂಗಳೂರಿನ ಕ್ವಾರಿಯಲ್ಲಿ ಅವರು ಮಾಡುತ್ತಿದ್ದ ಕೆಲಸವನ್ನು ಎಚ್. ವಾರ್ತ್ ಎಂಬವರು 1895ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದ್ದಾರೆ. ಬಂಡೆಯ ಮೇಲೆ ಹಗುರವಾದ ಒಣ ಸೌದೆಯನ್ನು ಸಾಲಾಗಿ ಇಟ್ಟು ಉರಿಸುತ್ತಾರೆ. ಸುತ್ತಿಗೆಯಿಂದ ಕುಟ್ಟಿ ಕುಟ್ಟಿ ಕೇಳುತ್ತಾರೆ. ಬೆಂಕಿಯ ಮುಂದಿನ ಕಲ್ಲು ತಳ ಬಿಟ್ಟಿದೆ ಎಂದು ಸದ್ದೇ ಹೇಳುತ್ತದೆ. ಆಗ ಬೆಂಕಿಯನ್ನು ನಾಲ್ಕು ಬೆರಳು ಮುಂದಕ್ಕೆ ತಳ್ಳುತ್ತಾರೆ, ಮತ್ತೆ ಕುಟ್ಟುತ್ತಾರೆ. ವಾರ್ತ್ ಕಂಡ ದಿನ ಎಂಟು ಗಂಟೆ ಹೊತ್ತು, ಗಂಟೆಗೆ ಸುಮಾರು 6 ಅಡಿಯಂತೆ ಬೆಂಕಿ ನಡೆದಿತ್ತು. ಸಂಜೆಯ ಹೊತ್ತಿಗೆ 740 ಚದರಡಿಯ ಹಾಳೆ ಬಂಡೆಯಿಂದ ಬಿಟ್ಟುಬಂದಿತ್ತು, ಸರಾಸರಿ ದಪ್ಪ 5 ಇಂಚು. ಸಿಡಿಮದ್ದಿಲ್ಲ. ಒಂದು ಪೌಂಡ್ ಸೌದೆಗೆ ಮೂವತ್ತು ಪೌಂಡ್ ಕಲ್ಲು.

ಟಾರ್ಚಿನ ಬೆಳಕು ಹಿತ್ತಲಿನ ಉದ್ದಕ್ಕೂ ಓಡುತ್ತದೆ. ಹಳೇ ಬೆಂಗಳೂರಿನ ಚಪ್ಪಡಿ, ಕಾಂಪೌಂಡಿನ ಕಲ್ಲು, ಬೇಲಿಗಂಬ ಎಷ್ಟೋ ಹೀಗೆ ಬೆಂಕಿಯಿಂದಲೇ ಎದ್ದು ಬಂದಂಥವು. ಅಂಥ ಕಲ್ಲಿನ ಮೇಲೆ ನೀವು ಬೆಂಕಿ ಹಾಕಿದ್ದೀರಿ, ಅದೂ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಆ ರಾತ್ರಿ ನಿದ್ದೆ ಹತ್ತುವುದಿಲ್ಲ. ಕಣ್ಣು ಮುಚ್ಚಿದರೆ ಬಕೆಟ್ಟಿನ ಆ ಠಣ್.

ಬೆಳಿಗ್ಗೆ ಗಾರೆ ಮೇಸ್ತ್ರಿ ಬರುತ್ತಾರೆ. ಕಲ್ಲಿನ ಹೋಳನ್ನು ಕೈಯಲ್ಲಿ ತಿರುವಿ ನೋಡಿ, "ಜೀವ ಉಳೀತು ಅನ್ನಿ" ಎಂದಷ್ಟೇ ಹೇಳುತ್ತಾರೆ. ಇಬ್ಬರೂ ಜಾಗ ಹುಡುಕುತ್ತಾ ಹಿತ್ತಲಲ್ಲಿ ನಡೆಯುತ್ತೀರಿ. 1948ರಲ್ಲಿ ಶಂಕುಸ್ಥಾಪನೆಯಾದ ಈ ಬಡಾವಣೆಯಲ್ಲಿ ಅಂದಿನವರು ಧಾರಾಳವಾಗಿ ಹಿತ್ತಲು ಬಿಟ್ಟಿದ್ದರು. ಅರವತ್ತು-ನಲವತ್ತರ ಈ ಸೈಟಿನಲ್ಲಿ ಬೆಂಕಿಗೊಂದು ಮೂಲೆ ಸಿಗದೇ ಹೋದೀತೆ ಎಂದು ನಿಮ್ಮ ಲೆಕ್ಕ. ನಡೆಯುತ್ತಾ ಹೋದಂತೆ ಲೆಕ್ಕ ತಪ್ಪುತ್ತದೆ. ಇಲ್ಲಿ? ಮೇಸ್ತ್ರಿ ಹಿಮ್ಮಡಿಯಿಂದ ನೆಲ ಕುಟ್ಟುತ್ತಾರೆ. ಧಿಮ್ ಎನ್ನುತ್ತದೆ. ಕೆಳಗೆ ಸಂಪು, ಅದರ ಮೇಲಿನ ಕಾಂಕ್ರೀಟ್ ಮುಚ್ಚಿಗೆಗೆ ಬೆಂಕಿಯ ಕಾವು ತಗುಲಬಾರದು, ಕುಡಿಯುವ ನೀರು ಅಲ್ಲಿದೆ. ಅಲ್ಲಿ? ತಲೆಯೆತ್ತಿ ನೋಡಿದರೆ ತೆಂಗಿನಮರ, ಒಣಗಿದ ಗರಿಯೊಂದು ಕೆಳಮುಖವಾಗಿ ಜೋತುಬಿದ್ದಿದೆ. ಒಂದು ಕಿಡಿ ಹಾರಿದರೆ ಸಾಕು. ಬೇಲಿಯ ಹತ್ತಿರ ಕಣಗಿಲೆ. ಅದರ ಕಡ್ಡಿಯ ಹೊಗೆಯೂ ವಿಷ, ಕಾವಿಗೆ ಬಾಡಿದ ಕೊಂಬೆಯನ್ನು ಯಾರಾದರೂ ತಿಳಿಯದೆ ಒಲೆಗೆ ಹಾಕಿದರೆ? ಪಶ್ಚಿಮಕ್ಕೆ ಪಕ್ಕದ ಮನೆಯ ಕಿಟಕಿ. ಚಳಿಗಾಲದಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಮೂಡಲಿಂದ ಬೀಸುತ್ತದೆ, ಎಂದರೆ ಹೊಗೆಯೆಲ್ಲ ಆ ಕಿಟಕಿಗೆ. ಆ ಕಿಟಕಿಯ ಹಿಂದೆ ಉಬ್ಬಸವಿರುವ ತಾತ ಮಲಗುತ್ತಾರೆ.

ಉಳಿಯುವುದು ಒಂದೇ ಜಾಗ, ಈಶಾನ್ಯದ ಮೂಲೆಯಿಂದ ಎಂಟು ಹೆಜ್ಜೆ ಈಚೆ. ಮನೆಯ ಗೋಡೆಗೆ ಹತ್ತಡಿ, ಮೇಲೆ ಬರೀ ಆಕಾಶ.

ಗಡಾರಿ ಎತ್ತಿ ಹಾಕುತ್ತೀರಿ. ಚಪ್ಪಡಿಯಿಲ್ಲದ ಮಣ್ಣು, ಮೊದಲ ಅರ್ಧ ಅಡಿ ಕೆಂಪಗೆ ಹದವಾಗಿ ಬರುತ್ತದೆ. ಅಂಗೈ ಉರಿಯತೊಡಗುತ್ತದೆ. ಹನ್ನೊಂದನೇ ಏಟಿಗೆ ಕಬ್ಬಿಣದ ಸದ್ದು. ಕೈ ನಡುಗಿ ನಿಲ್ಲುತ್ತದೆ. ಪೈಪು? ಮಂಡಿಯೂರಿ ಬೆರಳಿನಿಂದ ಮಣ್ಣು ಸರಿಸುತ್ತೀರಿ. ಉಗುರಿನ ಸಂದಿಗೆ ಕಪ್ಪು ಹತ್ತುತ್ತದೆ. ಪೈಪಲ್ಲ, ತುಕ್ಕು ಹಿಡಿದ ಕಬ್ಬಿಣದ ಸರಳು. ಅದರ ಸುತ್ತಲಿನ ಮಣ್ಣು ಕೆಂಪಗಿಲ್ಲ. ಮೂರು ಬೆರಳು ದಪ್ಪ ಬೂದುಗಪ್ಪು ಪದರ, ಹಿಸುಕಿದರೆ ಪುಡಿಪುಡಿಯಾಗುವ ಇದ್ದಿಲ ಚೂರು.

ಅಮ್ಮ ಮೆಟ್ಟಿಲಿಳಿದು ಬರುತ್ತಾರೆ, ಬಾಗಿ ನೋಡುತ್ತಾರೆ. "ಬಚ್ಚಲ ಒಲೆ ಕಣೋ ಇದು!"

ಗ್ಯಾಸ್ ಗೀಸರ್ ಬರುವ ಮೊದಲು ಬಚ್ಚಲುಮನೆ ಇಲ್ಲಿತ್ತು. ಗೋಡೆಯಾಚೆ ಒಲೆ, ಈಚೆ ತಾಮ್ರದ ಹಂಡೆ. ನೀರು ತುಂಬುವ ಹಬ್ಬದ ದಿನ ಹಂಡೆ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ನೀರು ತುಂಬಿಸಿ, ಮರುದಿನ ಬೆಳಗಿನ ನಾಲ್ಕು ಗಂಟೆಗೇ ಎದ್ದು ಉರಿ ಹಾಕುತ್ತಿದ್ದವರು ಅಜ್ಜಿ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಮಕ್ಕಳು ಈ ಒಲೆಯ ಬಾಯಿಗೇ ಬೆನ್ನು ಕೊಟ್ಟು ಸಾಲಾಗಿ ಕೂತಿರುತ್ತಿದ್ದರಂತೆ. ಅಮ್ಮ ಹೇಳುತ್ತಾ ಇದ್ದಿಲ ಚೂರೊಂದನ್ನು ಬೆರಳಲ್ಲಿ ಉಜ್ಜುತ್ತಾರೆ, ಮೂಗಿನ ಹತ್ತಿರ ಹಿಡಿಯುತ್ತಾರೆ. ವಾಸನೆ ಬರುವುದಿಲ್ಲ, ಆದರೂ ಹಿಡಿಯುತ್ತಾರೆ. ಗಾಳಿ, ಗೋಡೆ, ಮರ ಎಲ್ಲವನ್ನೂ ಅಳೆದು ನೀವು ಬಂದು ನಿಂತ ಜಾಗಕ್ಕೆ ಅಜ್ಜಿ ಆಗಲೇ ಬಂದು ನಿಂತಿದ್ದರು.

ಇನ್ನು ಕಟ್ಟುವ ಕೆಲಸ. ಹಿಂದಿನ ಸಲ ಮನೆ ರಿಪೇರಿಯಲ್ಲಿ ಉಳಿದ ಸಾಲಿಡ್ ಬ್ಲಾಕುಗಳಿವೆ, ಅರ್ಧ ಮೂಟೆ ಸಿಮೆಂಟಿದೆ. ಮೇಸ್ತ್ರಿ ತಲೆಯಾಡಿಸುತ್ತಾರೆ. "ಸಿಮೆಂಟು ಬ್ಯಾಡ ಸಾರ್, ಬೆಂಕಿಗೆ ನಿಲ್ಲಾಕಿಲ್ಲ. ಮಣ್ಣಾಗೇ ಕಟ್ಟಣ." ಸಿಮೆಂಟು ಗಟ್ಟಿಯಾಗುವುದೇ ನೀರನ್ನು ತನ್ನೊಳಗೆ ಬೆಸೆದುಕೊಂಡು. ಜೋರು ಕಾವಿಗೆ ಆ ನೀರು ಬಿಟ್ಟುಹೋದರೆ ಉಳಿಯುವುದು ಪುಡಿ. ಹಾಗಾಗಿ ಭಟ್ಟಿಯಲ್ಲಿ ಒಮ್ಮೆ ಬೆಂದು ಬಂದ ಇಟ್ಟಿಗೆ, ಹಿತ್ತಲದೇ ಕೆಮ್ಮಣ್ಣು, ಜರಡಿ ಹಿಡಿದ ಮರಳು. ತಳಕ್ಕೆ ಜಲ್ಲಿ ಹಾಕೋಣವೇ ಎಂದು ಬಾಯಿ ತೆರೆಯುವಷ್ಟರಲ್ಲಿ ನಿಮಗೇ ನೆನಪಾಗುತ್ತದೆ, ಜಲ್ಲಿಯೆಂದರೆ ಒಡೆದ ಗ್ರಾನೈಟ್. ಬದಲಿಗೆ ಇಟ್ಟಿಗೆ ಚೂರು, ಮೇಲೆ ಮರಳು.

ಮಣ್ಣು ತುಳಿಯುವುದು ನಿಮ್ಮ ಪಾಲಿಗೆ ಬರುತ್ತದೆ. ಬೆರಳ ಸಂದಿಯಿಂದ ಕೆಸರು ತಣ್ಣಗೆ ಉಕ್ಕುತ್ತದೆ, ಪಾದ ಎತ್ತಿದರೆ ಪಚಕ್ಕೆನ್ನುತ್ತದೆ. ಒಂದಡಿ ಆಳದ ಗುಂಡಿ, ಮೂರಡಿ ಅಗಲದ ಬಳೆ, ನೆಲದ ಮೇಲೆ ಮೂರು ವರಸೆ ಇಟ್ಟಿಗೆ. ಕೆಳಗಿನ ವರಸೆಯಲ್ಲಿ ಮೇಸ್ತ್ರಿ ಅಲ್ಲಲ್ಲಿ ಇಟ್ಟಿಗೆ ಬಿಟ್ಟು ಕಿಂಡಿ ಮಾಡುತ್ತಾರೆ, ಹೊರಗಿನಿಂದ ಗುಂಡಿಯ ತಳಕ್ಕೆ ಗಾಳಿ ಇಳಿಯುವಂತೆ ಮಣ್ಣು ಕೆರೆಯುತ್ತಾರೆ. "ತಳದಿಂದ ಗಾಳಿ ಆಡಬೇಕು. ನಮ್ಮೂರಾಗೆ ಅಸ್ತ್ರ ಒಲೆ ಹಾಕಿದ್ರಲ್ಲ, ಅದ್ರಾಗೂ ಹಿಂಗೇ ಜಾಲರಿ." ಅಸ್ತ್ರ ಎಂದರೆ ಇದೇ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆಂದು ಕಟ್ಟಿದ ಕೇಂದ್ರ. ಹೊಗೆ ಕುಡಿದು ಕೆಮ್ಮುತ್ತಿದ್ದ ಹೆಂಗಸರ ಒಲೆಯನ್ನು ವಿಜ್ಞಾನಿಗಳು ಕೂತು ಲೆಕ್ಕ ಹಾಕಿ ಕಟ್ಟಿದರು. ಆ ಒಲೆಯ ಜಾಲರಿ ಒಬ್ಬ ಮೇಸ್ತ್ರಿಯ ಕೈಯಲ್ಲಿ ನೆನಪಾಗಿ ನಿಮ್ಮ ಹಿತ್ತಲಿಗೆ ಬಂದಿದೆ.

ಎಂಟು ದಿನ ಬೆಂಕಿಯಿಲ್ಲ. ಕಟ್ಟಿದ ಮಣ್ಣಿನಲ್ಲೂ ನೀರಿದೆ, ಅದು ಆರಲೇಬೇಕು. ದಿನಾ ಸಂಜೆ ಇಟ್ಟಿಗೆಗೆ ಅಂಗೈ ಒತ್ತಿ ನೋಡುತ್ತೀರಿ. ಐದನೇ ದಿನ ಇನ್ನೂ ತಂಪು. ಏಳನೇ ದಿನ ಬೆಚ್ಚಗೆ, ಬೂದಿ ಬಣ್ಣಕ್ಕೆ ತಿರುಗಿದ ಮಣ್ಣು. ಈ ನಡುವೆ ತೆಂಗಿನ ಒಣಗರಿ ಕೀಳಿಸುತ್ತೀರಿ. ಪಕ್ಕದ ಮನೆಗೂ ಹೋಗಿ ಬರುತ್ತೀರಿ. "ಸೌದೆ ಮಾತ್ರ ಉರಿಸ್ತೀರಿ ತಾನೆ?" ಎಂದು ತಾತ ಕೇಳುತ್ತಾರೆ. ಕೇಳುವುದರಲ್ಲಿ ನ್ಯಾಯವಿದೆ. ಗುಡಿಸಿದ ಎಲೆ, ಹಾಲಿನ ಕವರು ಎಲ್ಲ ಸೇರಿಸಿ ಬೀದಿಯಲ್ಲಿ ಸುಡುವವರ ಹೊಗೆಯನ್ನು ಅವರು ಎಷ್ಟು ಚಳಿಗಾಲ ಕುಡಿದಿದ್ದಾರೋ. ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಗೊತ್ತುಮಾಡಿತು. ಆ ಕೇಸು ನಡೆಸಿದ ಅಲ್ಮಿತ್ರಾ ಪಟೇಲ್ ಬೆಂಗಳೂರಿನವರೇ. ಒಣಸೌದೆ ಬಿಟ್ಟು ಬೇರೇನನ್ನೂ ಹಾಕುವುದಿಲ್ಲ ಎಂದು ತಾತನಿಗೆ ಮಾತು ಕೊಟ್ಟು ಬರುತ್ತೀರಿ.

ಮತ್ತೆ ಶನಿವಾರ. ಮಗಳನ್ನು ಆರಡಿ ದೂರ ಮೆಟ್ಟಿಲ ಮೇಲೆ ಕೂರಿಸಿದ್ದೀರಿ. ಎರಡು ಬಕೆಟ್ ನೀರು, ಒಂದು ಬಾಂಡಲಿ ಮರಳು ಪಕ್ಕದಲ್ಲಿವೆ. ಕಡ್ಡಿ ಗೀರುವ ಕೈ ಈ ಸಲ ಸ್ವಲ್ಪ ನಡುಗುತ್ತದೆ. ಗರಿ ಹೊತ್ತುತ್ತದೆ, ಕರಟ ಹೊತ್ತುತ್ತದೆ. ಇಟ್ಟಿಗೆಗಳ ಕಡೆಗೇ ಕಿವಿ. ಚಿಟ್ ಎಂದರೆ ಎದೆ ಜಿಗಿಯುತ್ತದೆ. ಸೌದೆಯದು. ಮತ್ತೆ ಚಿಟ್. ಅದೂ ಸೌದೆಯದೇ.

ಆಮೇಲೆ ಹೊಗೆ. ಬಿಳಿಯ, ದಪ್ಪನೆಯ, ಭಾರದ ಹೊಗೆ. ಕಣ್ಣು ಉರಿಯುತ್ತದೆ. ಅದು ಮೇಲೇಳದೆ, ಚಳಿಗೆ ಮುದುರಿಕೊಂಡಂತೆ ನೆಲದುದ್ದಕ್ಕೂ ಹರಿದು ಪಶ್ಚಿಮದ ಕಾಂಪೌಂಡ್ ಹತ್ತುತ್ತದೆ. ಗೋಡೆಯಾಚೆ ಕಿಟಕಿ ಮುಚ್ಚುವ ಸದ್ದು. ಕೆಮ್ಮು. ಒಂದು, ಎರಡು, ನಿಲ್ಲದ ಕೆಮ್ಮು.

ಯಾವುದು? ಸೌದೆಗಳನ್ನು ನೋಡುತ್ತೀರಿ. ಒಂದರ ತುದಿಯಲ್ಲಿ ನೊರೆ ಬುಸುಗುಡುತ್ತಿದೆ, ಒಳಗಿನ ಹಸಿ ಹಿಂಡಿಕೊಂಡು ಹೊರಗೆ ಬರುತ್ತಿದೆ. ಇಕ್ಕಳ ಹಾಕಿ ಎಳೆಯುತ್ತೀರಿ. ಮೊಣಕೈ ಕೂದಲು ಸೀಯುತ್ತದೆ. ಎಳೆದು ಬಕೆಟ್ಟಿಗೆ ಅದ್ದುತ್ತೀರಿ. ಚುಸ್ಸೆಂದು ಆವಿ ಮುಖಕ್ಕೆ ರಾಚುತ್ತದೆ. ಉಳಿದವನ್ನು ಸಡಿಲಿಸಿ, ಕಿಂಡಿಗೆ ಅಡ್ಡ ಬಿದ್ದ ಬೂದಿ ಕೆದಕುತ್ತೀರಿ. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಉರಿ ಉಸಿರೆಳೆದುಕೊಂಡ ಹಾಗೆ ಧಗ್ಗನೆ ಮೇಲೇಳುತ್ತದೆ, ಹೊಗೆ ತೆಳುವಾಗಿ ಮಾಯವಾಗುತ್ತದೆ. ನೀವು ಗೋಡೆಯ ಕಡೆಗೇ ಕಿವಿಕೊಟ್ಟು ನಿಂತಿದ್ದೀರಿ. ಕೆಮ್ಮು ನಿಲ್ಲುವ ತನಕ ಕೂರಲು ಮನಸ್ಸಾಗುವುದಿಲ್ಲ.

ನಿಲ್ಲುತ್ತದೆ. ಕೂರುತ್ತೀರಿ.

ಮುಂದೆ ಕಾವು, ಬೆನ್ನಿಗೆ ಚಳಿ. 1884ರ ಜನವರಿ 13ರಂದು ಈ ಊರು 7.8 ಡಿಗ್ರಿಗೆ ಇಳಿದಿತ್ತು, ಅಂದು ಎಷ್ಟು ಹಿತ್ತಲುಗಳಲ್ಲಿ ಹೀಗೆ ಬೆಂಕಿ ಕಾಯಿಸಿಕೊಂಡು ಕೂತಿದ್ದರೋ. ಅಮ್ಮ ಕಡಲೆಕಾಯಿ ಪರಿಷೆಯಿಂದ ತಂದು ಮಿಕ್ಕಿದ್ದ ಕಾಯಿಯನ್ನು ಬಿಸಿಬೂದಿಗೆ ಸುರಿಯುತ್ತಾರೆ. ಸಿಪ್ಪೆ ಕಪ್ಪಾಗುತ್ತಾ ಹಸಿ ಹೋಗುವ ಘಮ ಏಳುತ್ತದೆ. ಒಡೆದರೆ ಒಳಗಿನ ಬೀಜ ನಾಲಿಗೆ ಸುಡುತ್ತದೆ. ಅಮ್ಮ ಎದ್ದು ತಿರುಗಿ ಬೆಂಕಿಗೆ ಬೆನ್ನು ಕೊಟ್ಟು ಕೂರುತ್ತಾರೆ, ಎಣ್ಣೆ ಹಚ್ಚಿಕೊಂಡ ಮಗುವಿನ ಹಾಗೆ.

ಹತ್ತು ಗಂಟೆಗೆ ಬೆಂಕಿ ತಾನೇ ತಗ್ಗುತ್ತದೆ. ಕಾದ ಇಟ್ಟಿಗೆಗೆ ಒಮ್ಮೆಗೇ ನೀರು ಹುಯ್ಯಬೇಡಿ ಎಂದು ಮೇಸ್ತ್ರಿ ಹೇಳಿ ಹೋಗಿದ್ದಾರೆ. ಕೆಂಡ ಹರಡುತ್ತೀರಿ, ಕಾಯುತ್ತೀರಿ, ಕೈಯಲ್ಲಿ ನೀರು ಚಿಮುಕಿಸುತ್ತೀರಿ, ಕೋಲಿನಿಂದ ಕೆದಕುತ್ತೀರಿ. ಬೂದಿಯಡಿ ಕೆಂಪು ಕಣ್ಣೊಂದು ತೆರೆಯುತ್ತದೆ. ಮತ್ತೆ ನೀರು, ಮತ್ತೆ ಕೆದಕುವುದು. ಅಂಗೈ ಹಿಂಬದಿಯನ್ನು ಬೂದಿಯ ಮೇಲೆ ಹಿಡಿದರೆ ಬರೀ ಬೆಚ್ಚಗೆ.

ಮಗಳು ಮೇಸ್ತ್ರಿ ಮರೆತು ಹೋದ ಸುತ್ತಿಗೆ ಹಿಡಿದು ಅತ್ತ ಚಪ್ಪಡಿಯ ಹತ್ತಿರ ಕೂತಿದ್ದಾಳೆ. ಆ ಮೊದಲ ಶನಿವಾರ ಪದರ ಎದ್ದ ಕಡೆ ಮೆಲ್ಲಗೆ ಕುಟ್ಟುತ್ತಾಳೆ. ಡೊಬ್. ಗೇಣು ಆಚೆ ಕುಟ್ಟುತ್ತಾಳೆ. ಡೊಬ್. ಇನ್ನೊಂದು ಗೇಣು. ಕಣ್ ಎಂದು ಕಲ್ಲು ದನಿ ಕೊಡುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಚುಕ್ಕೆ ಇಟ್ಟು, ಸುತ್ತ ಸುತ್ತ ಕುಟ್ಟುತ್ತಾ ಚುಕ್ಕೆ ಸೇರಿಸುತ್ತಾ ಗೆರೆ ಎಳೆಯುತ್ತಾಳೆ. "ಅಜ್ಜಿ, ಈ ಗೆರೆಯೊಳಗೆ ಕಾಲಿಡಬೇಡಿ, ಇಲ್ಲಿ ಕಲ್ಲು ಬಿಟ್ಟಿದೆ."